ಗದ್ದೆಗೆ ತೂಗುಬೇಲಿ, ಆನೆಗೆ ದಾರಿ: ಒಂದು ವರ್ಷದ ಕೆಲಸದ ದಾಖಲೆ

ಕೊಡಗಿನ ಸಿದ್ದಾಪುರದಿಂದ ಮಾಲ್ದಾರೆ ಕಡೆ ಹೋಗುವಾಗ ಸಿಗುವ ಒಂಬತ್ತು ಎಕರೆ ಜಾಗ ನಮ್ಮದು. ಮೇಲೆ ಏಳು ಎಕರೆ ರೋಬಸ್ಟಾ ಕಾಫಿ, ಅದರ ಮಧ್ಯೆ ಕಾಳುಮೆಣಸು. ಕೆಳಗೆ ಎರಡು ಎಕರೆ ಗದ್ದೆ. ಗದ್ದೆ ಬಿಟ್ಟುಬಿಡಿ ಅಂತ ಹೇಳದವರೇ ಇಲ್ಲ. ಸುತ್ತಮುತ್ತ ಆನೆ ಕಾಟಕ್ಕೆ ಹಾಳುಬಿಟ್ಟ ಗದ್ದೆ ಬೇಕಾದಷ್ಟಿವೆ. ನಮಗೆ ಬಿಡೋಕೆ ಮನಸ್ಸಿಲ್ಲ. ಆನೆಗೆ ಏಟಾಗುವುದೂ ನಮಗೆ ಬೇಡ.

ಹೋದ ಒಂದು ವರ್ಷದಲ್ಲಿ ಏನೇನು ಮಾಡಿದೆ ಅನ್ನೋದನ್ನು ನೋಟ್‌ಬುಕ್ಕಿನಿಂದ ಎತ್ತಿ ಬರೆಯುತ್ತಿದ್ದೇನೆ. ಅಳತೆ, ಖರ್ಚು, ತಪ್ಪು ಎಲ್ಲ ಇದೆ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಫೆಬ್ರವರಿಯದ್ದನ್ನಾದರೂ ಓದಿ. ಆ ತಪ್ಪು ಒಂದು ಜೀವ ತೆಗೆಯುವುದರಲ್ಲಿತ್ತು.

2023 ನವೆಂಬರ್: ಸುಗ್ಗಿ ಹಬ್ಬ ಹುತ್ತರಿಗೆ ಒಂಬತ್ತು ದಿನ ಇರುವಾಗ

ಬೆಳಿಗ್ಗೆ ಆರೂವರೆಗೆ ಗದ್ದೆಗೆ ಇಳಿದೆ. ಮಂಜು ಇನ್ನೂ ಎದ್ದಿರಲಿಲ್ಲ. ಮುಕ್ಕಾಲು ಎಕರೆ ಭತ್ತ ಚಾಪೆ ಹಾಸಿದ ಹಾಗೆ ಮಲಗಿತ್ತು. ತೆನೆಯಲ್ಲಿ ಹಾಲು ಗಟ್ಟಿಯಾಗುವ ಹೊತ್ತು, ಆನೆಗೆ ಇಷ್ಟವಾಗುವುದೇ ಅದು. ಕಿತ್ತ ಬುಡವನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿಂದಿದ್ದವು. ಬದುವಿನ ಮೇಲೆ ಆ ಮಣ್ಣಿನ ಹೆಂಟೆಗಳು ಸಾಲಾಗಿ ಬಿದ್ದಿದ್ದವು. ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ.

ನಮ್ಮ ತೋಟಕ್ಕೆ ಬರುವ ಹಾಡಿಯ (ಆದಿವಾಸಿಗಳ ಊರಿನ) ತಾತನನ್ನು ಕರೆದೆ. ಅವರು ಕೆಸರಿನಲ್ಲಿ ಕೂತು, ಮುಂಗಾಲಿನ ಒಂದು ಹೆಜ್ಜೆ ಗುರುತು ಹುಡುಕಿದರು. ಅದರಲ್ಲಿ ಒಂದು ಬೆರಳು ನೀರು ನಿಂತಿತ್ತು. ಅಂಚಿನಲ್ಲಿ ಅಂಗಾಲಿನ ಬಿರುಕು ಕೂಡ ಒಣಗಿದ ಕೆರೆಯ ತಳದ ಹಾಗೆ ಅಚ್ಚೊತ್ತಿತ್ತು. ಬಾಳೆನಾರು ಸುತ್ತಿ ಅಳತೆ ತೆಗೆದರು. ಸುತ್ತಳತೆ 54 ಇಂಚು. "ಇದರ ಎರಡು ಪಟ್ಟು ಎತ್ತರ ಅಕ್ಕಾ" ಅಂದರು. ಹೌದು, ಮುಂಗಾಲಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. 108 ಇಂಚು, ಅಂದರೆ ಒಂಬತ್ತು ಅಡಿ. ಸಲಗ. ಪಕ್ಕದಲ್ಲೇ 26 ಇಂಚಿನ ಗುರುತು. ನಾಲ್ಕು ಅಡಿ ನಾಲ್ಕು ಇಂಚಿನ ಮರಿ. ಅದರ ಜೊತೆ ಎರಡು ಹೆಣ್ಣಾನೆ.

ಈ ಎರಡು ಅಳತೆ ಬರೆದಿಟ್ಟುಕೊಂಡೆ. ಮುಂದೆ ಬೇಲಿಯ ಲೆಕ್ಕವೆಲ್ಲ ನಿಂತದ್ದು ಇದರ ಮೇಲೆ. ದೊಡ್ಡದರ ಅಳತೆ ಮಾತ್ರ ನೋಡಿ ಸಣ್ಣದನ್ನು ಮರೆತು ನಾನು ತಪ್ಪು ಮಾಡಿದ್ದು ಮೇ ತಿಂಗಳಲ್ಲಿ ಬರುತ್ತದೆ.

ಆ ವರ್ಷ ಹುತ್ತರಿಗೆ ಕದಿರು ತೆಗೆಯೋಕೆ ಪಕ್ಕದವರ ಗದ್ದೆಗೆ ಹೋದೆವು. ನಮ್ಮ ಮನೆಯಲ್ಲಿ ಹಾಗೆ ಆದದ್ದು ಅದೇ ಮೊದಲು. ಅತ್ತೆ ಏನೂ ಮಾತಾಡಲಿಲ್ಲ. ತಂದ ಕದಿರನ್ನು ಕಟ್ಟುವಾಗ ಅವರ ಕೈ ನಡುಗುತ್ತಿತ್ತು.

2023 ಡಿಸೆಂಬರ್: ಕೈಗೆ ಸಿಕ್ಕಿದ್ದೆಲ್ಲ ಮಾಡಿದ್ದು

ಪಟಾಕಿ: ಮೊದಲ ಎರಡು ರಾತ್ರಿ ಓಡಿದವು. ಮೂರನೇ ರಾತ್ರಿ ಸದ್ದು ಬಂದ ಕಡೆ ತಿರುಗಿ ನಿಂತವು. ಇದನ್ನು ನಿಲ್ಲಿಸಿದೆ. ಬೆದರಿದ ಆನೆ ಯಾವ ದಿಕ್ಕಿಗೆ ಓಡುತ್ತೆ ಅಂತ ಹೇಳೋಕಾಗಲ್ಲ. ಕತ್ತಲಲ್ಲಿ ಆ ದಿಕ್ಕಿನಲ್ಲಿ ಯಾರಿದ್ದಾರೆ ಅಂತಲೂ ಗೊತ್ತಿರಲ್ಲ.

ಮೆಣಸಿನ ಹೊಗೆ: 10 ಕೆಜಿ ಸಗಣಿಗೆ 1 ಕೆಜಿ ಹಾಳಾದ ಒಣಮೆಣಸಿನಕಾಯಿ ಪುಡಿ ಕಲಸಿ ಬೆರಣಿ ತಟ್ಟಿ ಒಣಗಿಸಿದೆ. ಆಫ್ರಿಕಾದಲ್ಲೂ ಅಸ್ಸಾಂನಲ್ಲೂ ಮಾಡುತ್ತಾರೆ. ಒಂದು ಬೆರಣಿ ಮೂರು ಗಂಟೆ ಹೊಗೆ ಕೊಟ್ಟಿತು. ನಮ್ಮ ಗದ್ದೆ ತಗ್ಗಿನಲ್ಲಿದೆ. ಡಿಸೆಂಬರ್ ರಾತ್ರಿ ಮಂಜು ಹೊಗೆಯನ್ನು ಮೇಲೆ ಏಳೋಕೆ ಬಿಡಲ್ಲ. ಎರಡನೇ ರಾತ್ರಿ ಗಾಳಿ ತಿರುಗಿ, ಹೊಗೆ ಪೂರ್ತಿ ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳ) ಒಳಗೆ ಹೋಯಿತು. ಮಕ್ಕಳು ಬೆಳಗಿನವರೆಗೂ ಕೆಮ್ಮಿದರು. ಗಾಳಿ ಆಡುವ ಎತ್ತರದ ಜಾಗದಲ್ಲಿ ಪ್ರಯೋಜನ ಆಗಬಹುದೋ ಏನೋ, ನಮ್ಮಂಥ ತಗ್ಗಿಗೆ ಬೇಡ.

ಜೇನು: ಇದರ ಮೇಲೆ ನನಗೆ ತುಂಬಾ ಆಸೆ ಇತ್ತು. ಕೀನ್ಯಾದಲ್ಲಿ ಲೂಸಿ ಕಿಂಗ್ ಅವರು ಹತ್ತು ಹತ್ತು ಮೀಟರಿಗೆ ಪೆಟ್ಟಿಗೆ ತೂಗುಹಾಕಿ, ಅವುಗಳ ಮಧ್ಯೆ ತಂತಿ ಕಟ್ಟಿ ಮಾಡಿದ ಜೇನುಬೇಲಿಯ ಬಗ್ಗೆ ಓದಿದ್ದೆ. ಆನೆ ತಂತಿಗೆ ತಾಗಿದರೆ ಪೆಟ್ಟಿಗೆ ಅಲ್ಲಾಡುತ್ತದೆ, ಜೇನು ಏಳುತ್ತದೆ. 2021ರ ಮಾರ್ಚ್‌ನಲ್ಲಿ ಖಾದಿ ಆಯೋಗದವರು ರಿ-ಹ್ಯಾಬ್ ಅನ್ನೋ ಹೆಸರಲ್ಲಿ ಇದೇ ಉಪಾಯವನ್ನು ನಮ್ಮ ಕೊಡಗಿನಲ್ಲೇ, ನಾಗರಹೊಳೆಯ ಅಂಚಿನಲ್ಲಿ ಶುರು ಮಾಡಿದ್ದರು. ನಾನು ಆರು ಪೆಟ್ಟಿಗೆ ಇಟ್ಟೆ. ಆಫ್ರಿಕಾದ ಜೇನು ಬಹಳ ಸಿಟ್ಟಿನದು. ನಮ್ಮ ತುಡುವೆ ಜೇನು ಸಾಧು. ಅದಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಆನೆ ಬರೋದು ರಾತ್ರಿ ಹನ್ನೊಂದರ ಮೇಲೆ. ಆ ಚಳಿಯಲ್ಲಿ, ಕತ್ತಲಲ್ಲಿ ತುಡುವೆ ಪೆಟ್ಟಿಗೆ ಬಿಟ್ಟು ಏಳಲ್ಲ. ಒಂದು ರಾತ್ರಿ ತಂತಿ ಕಿತ್ತು ಎರಡು ಪೆಟ್ಟಿಗೆ ಉರುಳಿಸಿ ಹೋದವು. ಉಳಿದ ನಾಲ್ಕನ್ನು ಮನೆ ಹತ್ತಿರ ತಂದೆ.

ಅವನ್ನು ಬಿಸಾಡಲಿಲ್ಲ. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇಬೇಕು. ಹೂವಿನ ಹೊತ್ತಿಗೆ ಪೆಟ್ಟಿಗೆ ತೋಟದಲ್ಲಿದ್ದರೆ ಒಳ್ಳೆಯದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ಕೊಡಗಿನ ತುಡುವೆ ಹೆಚ್ಚುಕಡಿಮೆ ಖಾಲಿಯಾಗಿತ್ತು. ಮಾವನ ಪೆಟ್ಟಿಗೆಗಳೂ ಆಗಲೇ ಹೋದವಂತೆ. ಮತ್ತೆ ಅಂಗಳದಲ್ಲಿ ಜೇನು ನೋಡಿ ಅವರಿಗೆ ಖುಷಿಯಾಯಿತು. ಅಷ್ಟು ಸಾಕು.

2024 ಜನವರಿ: ಸಾದಾ ಸೋಲಾರ್ ಬೇಲಿ

ತೋಟದ ಮೂಡು ಗಡಿ ಪೂರ್ತಿ, 410 ಮೀಟರ್, ನಾಲ್ಕು ಸಾಲು ತಂತಿಯ ಬೇಲಿ ಹಾಕಿದೆ. ನಾಲ್ಕು ಮೀಟರಿಗೊಂದು ಸಿಲ್ವರ್ ಓಕ್ ಗೂಟ.

ಖರ್ಚು: 14 ಗೇಜ್ ತಂತಿ 42 ಕೆಜಿ, 4,410 ರೂಪಾಯಿ. ಎನರ್ಜೈಸರ್ (ತಂತಿಗೆ ಏಟು ಕೊಡುವ ಯಂತ್ರ) 11,500. 12 ವೋಲ್ಟ್ ಬ್ಯಾಟರಿ 6,200. 75 ವ್ಯಾಟ್ ಪ್ಯಾನೆಲ್ 3,400. ಇನ್ಸುಲೇಟರ್ 412, ಒಂದಕ್ಕೆ 9ರಂತೆ 3,708. ಗೂಟ ಕೊಯ್ಸಿದ್ದು 2,800. ಇಬ್ಬರು ಎಂಟು ದಿನ, 9,600. ಒಟ್ಟು 41,618.

ಇಲ್ಲಿ ಒಂದು ಮಾತು ಹೇಳಲೇಬೇಕು. ಎನರ್ಜೈಸರ್ ಇಲ್ಲದೆ ಮನೆ ಕರೆಂಟನ್ನೇ ನೇರ ತಂತಿಗೆ ಕೊಡಿ, ಖರ್ಚು ಉಳಿಯುತ್ತೆ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿ. ಎನರ್ಜೈಸರ್ ಕೊಡುವುದು ಸೆಕೆಂಡಿಗೊಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಏಟು. ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಅದರಲ್ಲಿರುವ ಶಕ್ತಿ ಕಡಿಮೆ. ಆನೆ ಬೆಚ್ಚಿ ಹಿಂದೆ ಸರಿಯುತ್ತದೆ. ನೇರ ಕರೆಂಟು ಬಿಡುವುದೇ ಇಲ್ಲ, ಹಿಡಿದು ಕೊಲ್ಲುತ್ತದೆ. ಆನೆಯನ್ನೂ ಕೊಲ್ಲುತ್ತದೆ, ಸೌದೆಗೆ ಹೋದ ಹೆಂಗಸನ್ನೂ ಕೊಲ್ಲುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆನೆ ಮೊದಲ ಪಟ್ಟಿಯಲ್ಲಿದೆ, ಜೈಲು ಖಚಿತ. ಜೈಲು ಇಲ್ಲದಿದ್ದರೂ ಮಾಡುವ ಕೆಲಸ ಅಲ್ಲ ಅದು.

ಬೇಲಿ ಮುಗಿದ ದಿನ ಟೆಸ್ಟರ್ 7.1 ಕಿಲೋವೋಲ್ಟ್ ತೋರಿಸಿತು. ಹದಿನಾಲ್ಕು ದಿನ ಒಂದು ಆನೆಯೂ ಒಳಗೆ ಬರಲಿಲ್ಲ. ಗೆದ್ದೆ ಅಂದುಕೊಂಡೆ.

2024 ಫೆಬ್ರವರಿ: ನನ್ನ ದೊಡ್ಡ ತಪ್ಪು

ನಮ್ಮ ಮೂಡು ಗಡಿಯಲ್ಲಿ ಹಳೆ ಕಡಂಗ ಒಂದಿದೆ. ರಾಜರ ಕಾಲದ ಕಂದಕ, ಈಗ ಅರ್ಧ ಮುಚ್ಚಿಹೋಗಿದೆ. ಆನೆಗಳು ಅದರ ಗುಂಟ ಇಳಿದು, ತೋಡು (ಸಣ್ಣ ಹಳ್ಳ) ದಾಟಿ, ಹೊಳೆ ಕಡೆ ಹೋಗುತ್ತವೆ. ಬೇಲಿ ಹಾಕುವಾಗ ತಾತ ಹೇಳಿದ್ದರು: "ಇದು ಅವುಗಳ ದಾರಿ ಅಕ್ಕಾ. ಇಲ್ಲಿ ಸ್ವಲ್ಪ ಬಿಡಿ." ಬಿಟ್ಟರೆ ಬೇಲಿ ಹಾಕಿ ಏನು ಪ್ರಯೋಜನ ಅಂತ ನಾನು ಅಡ್ಡ ಕಟ್ಟಿಸಿದ್ದೆ.

ಹದಿನೈದನೇ ದಿನ ಬೆಳಗಿನ ಜಾವ ಐದೂವರೆ. ಲೈನ್ ಮನೆ ಕಡೆಯಿಂದ ಕೂಗು ಕೇಳಿಸಿತು. ಬೇಲಿಯ ತುದಿ ಮುಗಿಯುವಲ್ಲಿಂದ ಸುತ್ತಿಕೊಂಡು ಬಂದು ಸಲಗ ಲೈನ್‌ನ ಎದುರಿಗೇ ನಿಂತಿತ್ತು. ನಮ್ಮಲ್ಲಿ ಕೆಲಸ ಮಾಡುವ ಒಬ್ಬ ತಾಯಿ ನೀರು ಹಿಡಿಯೋಕೆ ಹೊರಗೆ ಬಂದಿದ್ದರು. ಬಚ್ಚಲುಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡರು. ತಗಡಿನ ಬಾಗಿಲು. ಆನೆ ಅದರ ಮುಂದೆ ಅರ್ಧ ಗಂಟೆ ನಿಂತಿತ್ತು. ಸೊಂಡಿಲು ತಗಡಿಗೆ ಉಜ್ಜಿದ್ದು, ಉಸಿರು ಸಂದಿಯಿಂದ ಒಳಗೆ ಬಂದದ್ದು ಎಲ್ಲ ಅವರು ಆಮೇಲೆ ಹೇಳಿದರು. ಬೆಳಕಾದ ಮೇಲೆ ಅದು ತಾನಾಗಿ ಹೋಯಿತು. ಯಾರಿಗೂ ಏನೂ ಆಗಲಿಲ್ಲ.

ನಾನು ಹೋದಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. "ಅಕ್ಕಾ, ಮೊದಲು ಅದು ಆ ಕಡೆಯಿಂದ ಹೋಗ್ತಿತ್ತು. ಈಗ ಇಲ್ಲಿ ಬರ್ತಿದೆ. ನಾವೆಲ್ಲಿ ಹೋಗೋದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬೇಲಿ ಹಾಕಿ ಆನೆಯನ್ನು ತಡೆದಿರಲಿಲ್ಲ, ಅವರ ಮಕ್ಕಳು ಮಲಗುವ ಕಡೆಗೆ ತಿರುಗಿಸಿದ್ದೆ.

ಆ ವಾರ ಕೂತು ಓದಿದೆ, ತಿಳಿದವರನ್ನು ಕೇಳಿದೆ. ದಾರಿ ಮುಚ್ಚಿದರೆ ಆನೆ ವಾಪಸ್ ಹೋಗಲ್ಲ, ಬೇರೆ ದಾರಿ ಹುಡುಕುತ್ತದೆ. ಕಾಡಿನ ಅಂಚಿಗೆ ಅರಣ್ಯ ಇಲಾಖೆ ಹಾಕಿದ ಹಳೆ ರೈಲು ಹಳಿಯ ಬೇಲಿಯನ್ನೂ ಕೆಲವು ಆನೆ ದಾಟೋಕೆ ನೋಡುತ್ತವೆ. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯಲ್ಲಿ ಒಂದು ಸಲಗ ಆ ಹಳಿಗಳ ಮೇಲೆ ಸಿಕ್ಕಿಕೊಂಡೇ ಸತ್ತಿತು. ಆ ಫೋಟೋ ಕೊಡಗಿನಲ್ಲಿ ನೋಡದವರು ಕಡಿಮೆ. ನೋಡಿಯೂ ನಾನು ಕಡಂಗಕ್ಕೆ ಅಡ್ಡ ತಂತಿ ಕಟ್ಟಿದ್ದೆ.

ಬೇಲಿ ಪೂರ್ತಿ ಬಿಚ್ಚಿದೆವು. ಎನರ್ಜೈಸರ್, ಬ್ಯಾಟರಿ, ಪ್ಯಾನೆಲ್ ಮಾತ್ರ ಉಳಿಸಿಕೊಂಡೆ, 21,100 ರೂಪಾಯಿಯ ಸಾಮಾನು. ಮಿಕ್ಕ 20,518 ಹೋಯಿತು.

ಅಂದೇ ಮೂರು ತೀರ್ಮಾನ ಬರೆದುಕೊಂಡೆ. ತೋಟಕ್ಕೆ ಬೇಲಿ ಇಲ್ಲ, ಕಾಫಿಯನ್ನು ಆನೆ ತಿನ್ನೋದು ಕಡಿಮೆ, ಗಿಡ ಮುರಿದ ನಷ್ಟ ತಡೆದುಕೊಳ್ಳಬಹುದು. ಬೇಲಿ ಗದ್ದೆಗೆ ಮಾತ್ರ. ಕಡಂಗದ ದಾರಿ ಎಂಬತ್ತು ಅಡಿ ಅಗಲಕ್ಕೆ ತೆರೆದೇ ಇರಬೇಕು.

2024 ಮಾರ್ಚ್, ಏಪ್ರಿಲ್: ತೂಗುಬೇಲಿ

ಸಾದಾ ಬೇಲಿಯನ್ನು ಆನೆ ಬೇಗ ಕಲಿಯುತ್ತದೆ. ದಂತಕ್ಕೆ ಕರೆಂಟ್ ಹಿಡಿಯಲ್ಲ, ಅದರಲ್ಲೇ ತಂತಿ ಎತ್ತಿ ಕೀಳುತ್ತದೆ. ಅಂಗಾಲು ದಪ್ಪ, ಗೂಟವನ್ನು ಒದ್ದು ಬೀಳಿಸುತ್ತದೆ. ಒಣಮರ ತಂದು ಮೇಲೆ ಹಾಕುವುದೂ ಉಂಟು. ತೂಗುಬೇಲಿಯಲ್ಲಿ ಕಂಬ ಆನೆಗೆ ಸಿಗಲ್ಲ. ಎತ್ತರದಲ್ಲಿ ಒಂದು ತಂತಿ, ಅದರಿಂದ ಬಿಳಲಿನ ಹಾಗೆ ಎಳೆಗಳು ಇಳಿಬಿದ್ದಿರುತ್ತವೆ. ದಂತದಿಂದ ತಳ್ಳಿದರೆ ಎಳೆ ಸರಿದು ಬಂದು ಸೊಂಡಿಲಿಗೋ ಕಿವಿಗೋ ತಾಗುತ್ತದೆ. ಅಲ್ಲಿ ಚರ್ಮ ತೆಳು.

ಗದ್ದೆಯ ಪಡುವಣಕ್ಕೆ ಎಂಟಡಿ ಎತ್ತರದ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಇದೆ. ತೆಂಕಣಕ್ಕೆ ಮನೆ. ಹಾಗಾಗಿ ಮೂಡು ಮತ್ತು ಬಡಗು ಸೇರಿ 240 ಮೀಟರ್ ಮಾತ್ರ ಬೇಲಿ ಬೇಕಾಯಿತು.

1. ಕಂಬ. ಮೊದಲು ಸಿಲ್ವರ್ ಓಕ್ ಮರಗಳಿಗೇ ಇನ್ಸುಲೇಟರ್ ಹೊಡೆದು ದುಡ್ಡು ಉಳಿಸೋಣ ಅಂತ ನಾಲ್ಕು ಮರಕ್ಕೆ ಹಾಕಿ ನೋಡಿದೆ. ಗಾಳಿಗೆ ಮರ ತೂಗಿ ತಂತಿ ಎಳೆದು ಕಡಿಯಿತು. ಬಿಟ್ಟೆ. ಗುಜರಿಯಲ್ಲಿ ಒಂದೂವರೆ ಇಂಚಿನ, 20 ಅಡಿ ಉದ್ದದ ಜಿಐ ಪೈಪ್ ಸಿಕ್ಕಿತು. 25 ಪೈಪ್, ಒಂದಕ್ಕೆ 1,050, ಒಟ್ಟು 26,250. ಪ್ರತಿ ಪೈಪಿನ ತುದಿಗೆ ಆನೆ ಬರುವ ಕಡೆ ಚಾಚುವ ಹಾಗೆ ಎರಡಡಿ ತೋಳು ವೆಲ್ಡಿಂಗ್, 4,500.

2. ಗುಂಡಿ. ಹತ್ತು ಮೀಟರಿಗೊಂದು, ಮೂರಡಿ ಆಳ. ಹಾರೆಯಲ್ಲಿ ತೆಗೆದದ್ದು. ಕಾಂಕ್ರೀಟಿಗೆ ಸಿಮೆಂಟ್ ಎಂಟು ಮೂಟೆ, ಜಲ್ಲಿ, ಮರಳು ಸೇರಿ 5,760. ಒಂದು ವಾರ ನೀರು ಹಾಕಿ ಬಿಟ್ಟೆವು. ತುದಿಯ ಎರಡು ಕಂಬಕ್ಕೆ ಹಿಂದಿನಿಂದ ಆಸರೆ ಕೊಡಲೇಬೇಕು. ನಾನು ಒಂದಕ್ಕೆ ಕೊಟ್ಟಿರಲಿಲ್ಲ, ತಂತಿ ಬಿಗಿ ಮಾಡುವಾಗ ಅದು ಮೂರು ಇಂಚು ವಾಲಿತು. ಇವತ್ತಿಗೂ ವಾಲಿದೆ.

3. ಮೇಲಿನ ತಂತಿ. 12 ಗೇಜ್. ಮೇಲಿನ ಸಾಲು, ಮನೆಯಿಂದ ಬರುವ ಸಾಲು, ಅರ್ತ್ ತಂತಿ ಸೇರಿ 21 ಕೆಜಿ, 2,205. ಕಂಬದ ಹತ್ತಿರ 16 ಅಡಿ ಎತ್ತರ, ಮಧ್ಯದಲ್ಲಿ ಜೋತು ಹದಿನೈದೂವರೆ. ದಪ್ಪ ಇನ್ಸುಲೇಟರ್‌ಗಳಿಗೆ 1,750.

4. ಎಳೆ. ಎರಡೂವರೆ ಅಡಿಗೊಂದರಂತೆ 320 ಎಳೆ. 16 ಗೇಜ್ ತಂತಿ 18 ಕೆಜಿ, 2,070. ಹಲಗೆಗೆ ಎರಡು ಮೊಳೆ ಹೊಡೆದು, ಅದೇ ಅಳತೆಗೆ ಕತ್ತರಿಸಿದೆವು. ಕೆಳಗಿನ ತುದಿಯನ್ನು ಪ್ಲೇಯರ್‌ನಲ್ಲಿ ಸುತ್ತಿ ಕಿರುಬೆರಳು ಹೋಗುವಷ್ಟು ಉಂಗುರ ಮಾಡಬೇಕು. ಇಲ್ಲದಿದ್ದರೆ ಚೂಪು ತುದಿ ಆನೆಯ ಕಣ್ಣಿಗೆ ಚುಚ್ಚುತ್ತದೆ. ನಾನು ಮತ್ತು ನಾದಿನಿ ಕಾಫಿ ಕಣದಲ್ಲಿ ಕೂತು ಎರಡು ಸಂಜೆಯಲ್ಲಿ 320 ಉಂಗುರ ಮಾಡಿದೆವು. ಹೆಬ್ಬೆರಳಿನಲ್ಲಿ ಬೊಬ್ಬೆ ಬಂತು. ಈ ಕೆಲಸ ಮಾತ್ರ ಯಾರೂ ಬಿಡಬೇಡಿ.

ಮೂವರು ಒಂಬತ್ತು ದಿನ ಮಾಡಿದರು, ಕೂಲಿ 17,550. ಒಂದು ಅರ್ತಿಂಗ್ ರಾಡ್ 650. ಇಲ್ಲಿವರೆಗೆ 60,735. ಸೋಲಾರ್ ಬೇಲಿಗೆ ಅರಣ್ಯ ಇಲಾಖೆಯ ಸಹಾಯಧನ ಇದೆ. ನಾನು ವಿಚಾರಿಸಿದ್ದು ಕೆಲಸ ಶುರುವಾದ ಮೇಲೆ. ನೀವು ಮೊದಲೇ ವಿಚಾರಿಸಿ.

ಏಪ್ರಿಲ್ 18: 7.4 ಕಿಲೋವೋಲ್ಟ್ ಇದ್ದರೂ ಒಳಗೆ ಬಂದವು

ಟೆಸ್ಟರ್ 7.4 ತೋರಿಸುತ್ತಿತ್ತು. ಆದರೂ ರಾತ್ರಿ ಎರಡು ಆನೆ ಎಳೆಗಳ ಮಧ್ಯೆಯೇ ನಡೆದು ಬಂದಿದ್ದವು. ನಲವತ್ತು ಎಳೆ ಸಿಕ್ಕುಸಿಕ್ಕಾಗಿತ್ತು. ಬೆಳಿಗ್ಗೆ ತಾತ ಹೆಜ್ಜೆ ನೋಡಿ, "ಓಡಿಲ್ಲ ಇವು. ಸುಮ್ನೆ ನಡ್ಕೊಂಡು ಬಂದಿವೆ. ಇವಕ್ಕೆ ಹೊಡೆದೇ ಇಲ್ಲ" ಅಂದರು.

ತಪ್ಪು ಅರ್ತಿಂಗ್‌ನಲ್ಲಿತ್ತು. ಏಟು ಆನೆಯ ಮೈಯಿಂದ ನೆಲಕ್ಕಿಳಿದು, ನೆಲದ ಮೂಲಕ ಎನರ್ಜೈಸರ್‌ಗೆ ವಾಪಸ್ ಬಂದರೆ ಮಾತ್ರ ಏಟು. ಏಪ್ರಿಲ್‌ನ ಒಣ ಜಂಬಿಟ್ಟಿಗೆ ಮಣ್ಣಿನಲ್ಲಿ ಒಂದೇ ರಾಡ್ ಹೊಡೆದು ನಾನು ಕೈತೊಳೆದುಕೊಂಡಿದ್ದೆ.

ಪರೀಕ್ಷೆ ಹೀಗೆ ಮಾಡಿ. ಎನರ್ಜೈಸರ್ ಆರಿಸಿ, ನೂರು ಮೀಟರಿಗಿಂತ ದೂರದಲ್ಲಿ ಕಬ್ಬಿಣದ ಸರಳುಗಳನ್ನು ನೆಲಕ್ಕೆ ಹೊಡೆದು ಬೇಲಿ ತಂತಿಗೆ ತಾಗಿಸಿ. ಮತ್ತೆ ಚಾಲು ಮಾಡಿದಾಗ ಬೇಲಿಯ ವೋಲ್ಟೇಜ್ 2 ಕಿಲೋವೋಲ್ಟ್‌ಗಿಂತ ಕೆಳಗೆ ಇಳಿಯಬೇಕು. ಈಗ ಅರ್ತ್ ರಾಡ್‌ಗೂ ಅದರಿಂದ ಒಂದು ಮೀಟರ್ ದೂರದ ನೆಲಕ್ಕೂ ಮಧ್ಯೆ ಅಳೆಯಿರಿ. 0.3ಕ್ಕಿಂತ ಕಡಿಮೆ ಇರಬೇಕು. ನನ್ನದು 1.1 ಇತ್ತು.

ಇನ್ನೆರಡು ರಾಡ್ ತಂದೆ. ಮೂರನ್ನೂ ತೋಡಿನ ಪಕ್ಕ, ವರ್ಷಪೂರ್ತಿ ತೇವ ಇರುವ ಜಾಗದಲ್ಲಿ, ಹತ್ತತ್ತು ಅಡಿ ದೂರ ಬಿಟ್ಟು ಆರಡಿ ಆಳಕ್ಕೆ ಹೊಡೆದೆವು. ಸುತ್ತ ಇದ್ದಿಲು, ಉಪ್ಪು. ಮನೆಯ ಕರೆಂಟಿನ ಅರ್ತಿಂಗ್‌ನಿಂದ ಇದು ಹತ್ತು ಮೀಟರಿಗಿಂತ ದೂರ ಇರಬೇಕು, ಮರೆಯಬೇಡಿ. ಖರ್ಚು 1,700. ಮರುಪರೀಕ್ಷೆಯಲ್ಲಿ 0.2 ಬಂತು.

ಮೇ 6: ಮರಿ

ಇದನ್ನು ಬರೆಯೋಕೆ ಕಷ್ಟವಾಗುತ್ತದೆ. ದನ, ಜನ ಓಡಾಡೋಕೆ ಸುಲಭವಾಗಲಿ ಅಂತ ನಾನು ಎಳೆಗಳನ್ನು ನೆಲದಿಂದ ಐದಡಿ ಮೇಲೆ ನಿಲ್ಲಿಸಿದ್ದೆ. ನಾಲ್ಕಡಿ ನಾಲ್ಕಿಂಚಿನ ಮರಿಯ ಅಳತೆ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು.

ರಾತ್ರಿ ಒಂದು ಗಂಟೆಗೆ ಮರಿ ಎಳೆಗಳ ಕೆಳಗೆ ನುಸುಳಿ ಗದ್ದೆಗೆ ಬಂತು. ತಾಯಿ ಹಿಂದೆ ಬರೋಕೆ ಹೋಗಿ ಏಟು ತಿಂದಿತು. ಮರಿ ಒಳಗೆ, ತಾಯಿ ಹೊರಗೆ. ಆ ಕೂಗು ಕೇಳಿ ಮನೆಯಲ್ಲಿ ಎಲ್ಲರೂ ಎದ್ದೆವು. ಟಾರ್ಚ್ ಹಾಕಲಿಲ್ಲ, ಸದ್ದು ಮಾಡಲಿಲ್ಲ. ಹೋಗಿ ಎನರ್ಜೈಸರ್ ಆರಿಸಿದೆ. ತಾಯಿ ಎಳೆಗಳನ್ನು ಸೀಳಿಕೊಂಡು ಬಂದು, ಸೊಂಡಿಲಿನಿಂದ ಮರಿಯ ಬೆನ್ನು, ಹೊಟ್ಟೆ ಎಲ್ಲ ತಡವಿತು. ಆಮೇಲೆ ಅದನ್ನು ಮುಂದೆ ಬಿಟ್ಟುಕೊಂಡು ಬಂದ ದಾರಿಯಲ್ಲೇ ಹೋಯಿತು. ನನ್ನ ಕಾಲು ನಡುಕ ನಿಲ್ಲೋಕೆ ಬಹಳ ಹೊತ್ತು ಬೇಕಾಯಿತು.

ಮಾರನೇ ದಿನದಿಂದ ಪ್ರತಿ ಎಳೆಗೂ ತುಂಡು ಸೇರಿಸಿ ಮೂರೂವರೆ ಅಡಿಗೆ ಇಳಿಸಿದೆವು. ಮೂರೂವರೆ ಕೆಜಿ ತಂತಿ, 402 ರೂಪಾಯಿ, ನಾಲ್ಕು ದಿನ. ಉಂಗುರಗಳನ್ನೆಲ್ಲ ಮತ್ತೆ ಮಾಡಿದೆವು. ಹಂದಿ, ಮೊಲ ಕೆಳಗಿಂದ ಬರುತ್ತವೆ. ಹಂದಿ ಸ್ವಲ್ಪ ತಿನ್ನುತ್ತೆ, ತಿನ್ನಲಿ.

ಅದೇ ತಿಂಗಳ ಕೊನೆಯಲ್ಲಿ ಸಿಡಿಲು ಬಡಿದು ಎನರ್ಜೈಸರ್ ಬೋರ್ಡ್ ಸುಟ್ಟಿತು. ರಿಪೇರಿ 3,200. ಸಿಡಿಲು ತಡೆಯುವ ಡೈವರ್ಟರ್ 850. ಇದನ್ನು ಮೊದಲೇ ಹಾಕಿಸಬೇಕಿತ್ತು. ಈಗ ಮಳೆ ಗುಡುಗಿದರೆ ಬೇಲಿಯಿಂದ ಬರುವ ತಂತಿಯನ್ನು ಕಳಚಿಡುತ್ತೇನೆ.

ಮೇ, ಜೂನ್: ಹಲಸು, ಕೆಂಪು ದೀಪ

ಲೈನ್ ಮನೆ ಸುತ್ತ ಏಳು ಹಲಸಿನ ಮರ ಇವೆ. ಹಣ್ಣಾದರೆ ಆನೆಗೆ ದೂರದಿಂದಲೇ ವಾಸನೆ ಸಿಗುತ್ತದೆ. ಮರ ಕಡಿಯಲಿಲ್ಲ. ಆ ಏಳು ಮರದ ಕಾಯಿಗಳನ್ನು ಎಳೆಯದರಲ್ಲೇ ಇಳಿಸಿದೆವು. ಪಲ್ಯಕ್ಕಾಯಿತು, ಮಿಕ್ಕಿದ್ದು ದನಕ್ಕೆ. ಕಡಂಗದ ಪಕ್ಕದ ಮರಗಳ ಹಣ್ಣನ್ನು ಮುಟ್ಟಲೇ ಇಲ್ಲ. ಅವು ಆನೆಗೆ. ರೇಷನ್ ಅಕ್ಕಿಯನ್ನು ಲೈನ್‌ನ ಅಡುಗೆಮನೆಯಿಂದ ನಮ್ಮ ಕಾಂಕ್ರೀಟ್ ಗೋದಾಮಿಗೆ ತಂದಿಟ್ಟೆವು, ವಾರಕ್ಕೊಮ್ಮೆ ಕೊಡುತ್ತೇವೆ. ಅಕ್ಕಿ ಮೂಟೆಗಾಗಿ ಗೋಡೆ ಒಡೆದ ಆನೆಯ ಕಥೆ ಇಲ್ಲಿ ಎಲ್ಲರಿಗೂ ಗೊತ್ತು.

ತಮಿಳುನಾಡಿನ ವಾಲ್‌ಪಾರೈ ಟೀ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಆನೆ ಹತ್ತಿರ ಇದ್ದಾಗ ಹೊತ್ತುವ ಕೆಂಪು ದೀಪ ಹಾಕಿದ್ದಾರೆ. ಮೊಬೈಲಿನಿಂದಲೇ ಹೊತ್ತಿಸಬಹುದು. ಜನರ ಮೊಬೈಲಿಗೆ ಸಂದೇಶವೂ ಬರುತ್ತದೆ. ನನ್ನದು ಅದರ ಬಡ ತಮ್ಮ: 650 ರೂಪಾಯಿಯ ಸೋಲಾರ್ ಮಿಣುಕು ದೀಪ, ಲೈನ್ ಮುಂದಿನ ಕಂಬಕ್ಕೆ. ಆನೆ ಕಂಡವರು ಗುಂಪಿಗೆ ಮೆಸೇಜ್ ಹಾಕುತ್ತಾರೆ, ಲೈನಿನಲ್ಲಿ ಎಚ್ಚರ ಇರುವವರು ಸ್ವಿಚ್ ಒತ್ತುತ್ತಾರೆ. ಕೆಂಪು ಮಿಣುಕುತ್ತಿದ್ದರೆ ಬೆಳಿಗ್ಗೆ ಏಳೂವರೆವರೆಗೆ ಯಾರೂ ತೋಟಕ್ಕೆ ಇಳಿಯುವಂತಿಲ್ಲ, ಕೂಲಿ ಕಡಿತವೂ ಇಲ್ಲ. ಕೂಲಿ ಹೋಗುತ್ತೆ ಅಂದರೆ ಯಾರೂ ದೀಪ ನೋಡಲ್ಲ. ಇಷ್ಟೆಲ್ಲ ಖರ್ಚಿನಲ್ಲಿ ಜೀವಕ್ಕೆ ನಿಜವಾಗಿ ಕಾವಲಾಗಿರುವುದು ಈ 650 ರೂಪಾಯಿ ಮತ್ತು ಆ ಒಂದು ಗಂಟೆಯ ಕೂಲಿ ಅಂತ ನನ್ನ ನಂಬಿಕೆ.

ಜೂನ್‌ನಿಂದ ಸೆಪ್ಟೆಂಬರ್: ಮಳೆ

ಜುಲೈ 9ಕ್ಕೆ ವೋಲ್ಟೇಜ್ 2.8ಕ್ಕೆ ಇಳಿದಿತ್ತು. ಹುಡುಕಿ ಹುಡುಕಿ ಸಿಕ್ಕಿದ್ದು ಇಷ್ಟು: ಕಾಡುಬಳ್ಳಿ ಎರಡು ಕಡೆ ಎಳೆಗೆ ಹತ್ತಿತ್ತು. ಗಾಳಿಗೆ ಹನ್ನೊಂದು ಎಳೆ ಕಂಬಕ್ಕೆ ಸುತ್ತಿಕೊಂಡಿತ್ತು. ಎಳೆಗಳನ್ನು ಮೇಲೆ ಸಡಿಲವಾಗಿ ಸುತ್ತಿದ ಕಡೆ ರಾತ್ರಿ ಚಿಟ್ ಚಿಟ್ ಅಂತ ಕಿಡಿ ಕಾಣುತ್ತಿತ್ತು. ಕಂಬದ ಎರಡೂ ಬದಿಯ ಎಳೆಗಳನ್ನು ಒಂದಡಿ ದೂರ ಸರಿಸಿದೆ. ಪ್ರತಿ ಗಂಟನ್ನೂ ಐದು ಸುತ್ತು ಹಾಕಿ ಪ್ಲೇಯರ್‌ನಲ್ಲಿ ಬಿಗಿದೆವು. ಬೇಲಿಯ ಕೆಳಗೆ ಆರಡಿ ಅಗಲ ಕಳೆ ಸವರುವುದು ಹದಿನೈದು ದಿನಕ್ಕೊಮ್ಮೆ. ಪ್ಯಾನೆಲ್‌ಗೆ ಬಿಸಿಲಿಲ್ಲದೆ ಬ್ಯಾಟರಿ ಎರಡು ಸಲ ಇಳಿಯಿತು. ಆಗ ಮನೆಯಲ್ಲಿ ಚಾರ್ಜರ್‌ಗೆ ಹಾಕಿದೆ. ಮಳೆಗಾಲದಲ್ಲಿ ಸೋಲಾರ್ ಒಂದನ್ನೇ ನಂಬಬೇಡಿ.

ಈಗ ದಿನಾ ಸಂಜೆ ಐದೂವರೆಗೆ ಬೇಲಿಯ ಗುಂಟ ಒಂದು ನಡಿಗೆ, ಆರಕ್ಕೆ ಸ್ವಿಚ್. ಬೆಳಿಗ್ಗೆ ಆರೂವರೆಗೆ ಆರಿಸುವುದು. ನಾನು ಊರಲ್ಲಿಲ್ಲದಿದ್ದರೆ ನಾದಿನಿ ಹೋಗುತ್ತಾಳೆ. 6 ಕಿಲೋವೋಲ್ಟ್‌ಗಿಂತ ಕೆಳಗಿದ್ದರೆ ಕಾರಣ ಸಿಗುವವರೆಗೆ ಊಟಕ್ಕೆ ಕೂರಲ್ಲ.

ದುರಸ್ತಿ ಎಲ್ಲ ಸೇರಿ ಬೇಲಿಗೆ 66,887 ಆಯಿತು. ಜನವರಿಯದ್ದೂ ಸೇರಿಸಿದರೆ 1,08,505. ದೀಪದ ದುಡ್ಡು ಬೇರೆ.

2024 ಡಿಸೆಂಬರ್: ಈಗ

ನವೆಂಬರ್‌ನಲ್ಲಿ ಹಾಲುಗಾಳು ಕಟ್ಟಿದ ಮೇಲೆ ಐದು ರಾತ್ರಿ ಬಂದವು. ನಾಲ್ಕು ರಾತ್ರಿ ಬೇಲಿಯ ಮುಂದೆ ನಿಂತು ಕಡಂಗದ ದಾರಿ ಹಿಡಿದವು. ಒಂದು ರಾತ್ರಿ ಬಡಗು ಮೂಲೆಯಲ್ಲಿ, ಬೇಲಿ ಬರೆಗೆ ಸೇರುವ ಕಡೆಯ ಎಂಟಡಿ ಸಂದಿಯಿಂದ ನುಗ್ಗಿ ಒಂದು ಮಡಿ ತಿಂದವು. ಅಲ್ಲಿಗೆ ಈಗ ಎಳೆ ಕಟ್ಟಿದ್ದೇನೆ. ಮಿಕ್ಕ ಗದ್ದೆ ನಿಂತಿದೆ. ಕಾಫಿ ತೋಟದಲ್ಲಿ ಮೂವತ್ತೆರಡು ಗಿಡ ಮುರಿದಿವೆ, ಒಂದು ನೀರಿನ ಪೈಪ್ ಕಿತ್ತಿದೆ. ಲೈನ್ ಕಡೆ ಫೆಬ್ರವರಿಯಿಂದ ಈಚೆಗೆ ಆನೆ ಬಂದಿಲ್ಲ.

ಕಡಂಗದ ಆಚೆಯ ತೋಟದವರು ತಮ್ಮ ಗಡಿಗೆ ಬೇಲಿ ಹಾಕಬೇಕು ಅಂತಿದ್ದಾರೆ. ಅವರು ಮುಚ್ಚಿದರೆ ನಾನು ಬಿಟ್ಟ ಎಂಬತ್ತಡಿ ಅಲ್ಲಿಗೇ ಮುಗಿಯುತ್ತದೆ. ಎರಡು ಸಲ ಹೋಗಿ ಮಾತಾಡಿದ್ದೇನೆ. ಬಚ್ಚಲುಮನೆಯ ವಿಷಯ ಹೇಳಿದೆ. "ನೋಡೋಣಮ್ಮ" ಅಂದಿದ್ದಾರೆ. ಹುತ್ತರಿ ಕಳೆದ ಮೇಲೆ ತಾತನನ್ನೂ ಕರೆದುಕೊಂಡು ಮತ್ತೆ ಹೋಗುತ್ತೇನೆ.

ಇವತ್ತು ಬೆಳಿಗ್ಗೆ ತೋಡಿನ ಕೆಸರಿನಲ್ಲಿ ಹೊಸ ಹೆಜ್ಜೆ ಇತ್ತು. ನಾರು ಸುತ್ತಿ ಅಳೆದೆ, 54 ಇಂಚು. ಗುರುತು ಬೇಲಿಯ ಹತ್ತಿರ ಬಂದು, ತಿರುಗಿ, ಕಡಂಗಕ್ಕೆ ಇಳಿದಿತ್ತು. ಬ್ಯಾಟರಿಯ ಟರ್ಮಿನಲ್‌ಗೆ ಬಿಳಿ ಕಟ್ಟಿದೆ, ಬಿಸಿನೀರು ಹಾಕಿ ಉಜ್ಜಿ ಗ್ರೀಸ್ ಹಚ್ಚಬೇಕು. ಇವತ್ತು ಸಂಜೆಯೊಳಗೆ.